ಕುಂಡದ ಗಿಡ ಸೊರಗಿದೆಯಾ? ಚೀಲದ ಮಣ್ಣಿನ ತಪ್ಪು ಪತ್ತೆ ಮಾಡುವುದು ಹೀಗೆ

ಗಿಡ ಬಾಡಿದ ಕೂಡಲೇ ನಮ್ಮ ಕೈ ಹೋಗುವುದು ಗೊಬ್ಬರದ ಡಬ್ಬಿಗೆ. ನಾನೂ ಅದೇ ಮಾಡುತ್ತಿದ್ದೆ. ಚೀಲದಲ್ಲಿ ತಂದ ಮಣ್ಣು, ಅದಕ್ಕೊಂದು ಹಿಡಿ ಎರೆಗೊಬ್ಬರ, ಎರಡು ವಾರ ಬಿಟ್ಟು ಇನ್ನೊಂದು ಹಿಡಿ. ಒಂದು ದಾಸವಾಳ ಹೀಗೇ ತಿಂದು ತಿಂದು ಸತ್ತಿತು. ಕುಂಡ ಬೋರಲು ಹಾಕಿ ನೋಡಿದರೆ ಮಣ್ಣಿನ ಕೆಳಗಿನ ಅರ್ಧ ಬರೀ ಕಪ್ಪು ಕೆಸರು. ಅದರಲ್ಲಿ ಒಂದೂ ಬೇರಿಲ್ಲ. ಗಿಡ ಉಸಿರುಗಟ್ಟಿ ಸಾಯುತ್ತಿತ್ತು, ನಾನು ಊಟ ಬಡಿಸುತ್ತಲೇ ಇದ್ದೆ.

ಅದಕ್ಕೇ ಇಲ್ಲಿ ಗೊಬ್ಬರ ಕೊನೆಗೆ ಬರುತ್ತದೆ. ಮೊದಲು ನೀರು ಹೇಗೆ ಒಳಗೆ ಹೋಗುತ್ತಿದೆ, ಹೇಗೆ ಹೊರಗೆ ಬರುತ್ತಿದೆ ಅಂತ ನೋಡೋಣ. ಆಮೇಲೆ ವಾಸನೆ, ಉಪ್ಪು, ಹುಳಿ. ನಿಮಗೆ ಕಾಣುತ್ತಿರುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರ ಹೋಗಿ. ಆದರೆ ಅದಕ್ಕೂ ಮುಂಚೆ ಕೆಳಗಿನ ಮೂರು ಪರೀಕ್ಷೆ ಮಾತ್ರ ಎಲ್ಲರೂ ಮಾಡಿ. ಕಾಸು ಖರ್ಚಿಲ್ಲ, ಕಾಲು ಗಂಟೆಯ ಕೆಲಸ.

ಎಲ್ಲಕ್ಕೂ ಮೊದಲು: ಎತ್ತಿ, ಚುಚ್ಚಿ, ಸುರಿಯಿರಿ

ಕುಂಡ ಎತ್ತಿ ನೋಡಿ. ನೀರು ಹಾಕಿ ಮೂರು ದಿನವಾದರೂ ಹಾಕಿದ ದಿನದಷ್ಟೇ ಭಾರ ಇದೆಯಾ? ಹಾಗಿದ್ದರೆ ನೀರು ಒಳಗೇ ಕೂತಿದೆ. ನೀರು ಹಾಕಿ ಅರ್ಧ ಗಂಟೆಗೇ ಹಗುರ ಅನ್ನಿಸಿದರೆ ನೀರು ಒಳಗೆ ಹೋಗಿಯೇ ಇಲ್ಲ.

ಒಂದು ಒಣ ಕಡ್ಡಿಯನ್ನು ತಳ ಮುಟ್ಟುವವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಬರೀ ಬೆರಳು ಸಾಲದು, ಅದು ಮೇಲಿನ ಎರಡು ಇಂಚಿನ ಸುದ್ದಿ ಮಾತ್ರ ಹೇಳುತ್ತದೆ. ಕಡ್ಡಿಯ ತುದಿ ಕಪ್ಪಾಗಿ, ಮೆತ್ತಿಕೊಂಡು, ನಾತ ಬಂದರೆ ತಳದಲ್ಲಿ ಗಾಳಿಯಿಲ್ಲ ಅಂತ ಅರ್ಥ.

ಕೊನೆಗೆ ಒಂದು ಲೋಟ ನೀರು ಸುರಿದು ನೋಡುತ್ತಾ ನಿಲ್ಲಿ. ಸುಮಾರು ಅರ್ಧ ನಿಮಿಷದೊಳಗೆ ಇಂಗಿದರೆ ಸರಿ. ಎರಡು ನಿಮಿಷವಾದರೂ ಮೇಲೆ ಕೆರೆಯ ಹಾಗೆ ನಿಂತಿದ್ದರೆ ಒಂದು ರೋಗ. ಸುರಿದ ತಕ್ಷಣ ತಳದಿಂದ ಸೊರಸೊರ ಬಂದುಬಿಟ್ಟರೆ ಇನ್ನೊಂದು.

ನೀರು ಮೇಲೆಯೇ ನಿಲ್ಲುತ್ತದೆ, ಕುಂಡ ವಾರಗಟ್ಟಲೆ ಒದ್ದೆ

ಕುಂಡದ ತೂತಿನಿಂದ ಶುರು ಮಾಡಿ. ತೂತು ಇದೆಯಾ? ನಗಬೇಡಿ, ಎಷ್ಟೋ ಪ್ಲಾಸ್ಟಿಕ್ ಕುಂಡಗಳಲ್ಲಿ ತೂತಿನ ಗುರುತು ಮಾತ್ರ ಇರುತ್ತದೆ, ನಾವೇ ಕೊರೆದುಕೊಳ್ಳಬೇಕು. ಇದ್ದರೆ, ಬೇರು ಬಂದು ಮುಚ್ಚಿಕೊಂಡಿದೆಯಾ ಅಂತ ಕಡ್ಡಿ ಹಾಕಿ ನೋಡಿ. ಕುಂಡ ನೆಲಕ್ಕೆ ಅಂಟಿ ಕೂತಿದ್ದರೆ ಕೆಳಗೆ ಎರಡು ಚಪ್ಪಟೆ ಕಲ್ಲಿಟ್ಟು ಎತ್ತರಿಸಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಇಷ್ಟಕ್ಕೇ ಸರಿಹೋಗುವ ಕುಂಡಗಳು ಕಡಿಮೆಯೇನಲ್ಲ.

ಸರಿಹೋಗದಿದ್ದರೆ ಮಣ್ಣಿನ ಮೇಲ್ಮೈ ನೋಡಿ. ಹೊರಗೆ ತೆಳ್ಳಗೆ ಗಟ್ಟಿ ಪದರ ಕಟ್ಟಿ, ಒಳಗೆ ಪುಡಿಯಾಗಿದ್ದರೆ ಹಳೆಯ ಫೋರ್ಕಿನಿಂದ ಅರ್ಧ ಇಂಚು ಕೆದಕಿದರೆ ಸಾಕು. ಒಳಗೂ ಗಟ್ಟಿಯಾಗಿದ್ದು, ಹಿಡಿದು ಒತ್ತಿದರೆ ಉಂಡೆ ಕಟ್ಟಿ ಹೊಳೆಯುತ್ತಿದ್ದರೆ ಚೀಲದಲ್ಲಿದ್ದದ್ದು ಜೇಡಿ ಜಾಸ್ತಿ ಇರುವ ತೋಟದ ಮಣ್ಣು. ಅದು ನೆಲದಲ್ಲಿ ಚೆನ್ನಾಗಿಯೇ ಇರುತ್ತದೆ. ಅಲ್ಲಿ ಎರೆಹುಳ, ಬೇರು, ಆಳದ ಮಣ್ಣು ಎಲ್ಲ ಸೇರಿ ನೀರನ್ನು ಕೆಳಕ್ಕೆ ಎಳೆದುಕೊಳ್ಳುತ್ತವೆ. ಕುಂಡದಲ್ಲಿ ಆ ಅನುಕೂಲ ಇಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಪಾತ್ರೆ ತೊಳೆಯುವ ಸ್ಪಾಂಜ್ ತೆಗೆದುಕೊಳ್ಳಿ. ಚೆನ್ನಾಗಿ ನೆನೆಸಿ, ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ನಿಂತ ಮೇಲೂ ತಳದ ಒಂದು ಪಟ್ಟಿ ತೊಯ್ದೇ ಇರುತ್ತದೆ, ಹಿಂಡದೆ ಅಲ್ಲಿನ ನೀರು ಬರುವುದಿಲ್ಲ. ಪ್ರತಿ ಕುಂಡದ ತಳದಲ್ಲೂ ಇಂಥದೇ ಒಂದು ತೊಯ್ದ ಪಟ್ಟಿ ಇರುತ್ತದೆ. ಅದು ಎಷ್ಟು ದಪ್ಪ ಅನ್ನುವುದು ಮಣ್ಣಿನ ಕಣ ಎಷ್ಟು ಸಣ್ಣದು ಅನ್ನುವುದರ ಮೇಲೆ ನಿಂತಿದೆ. ನುಣ್ಣಗಿನ ಮಣ್ಣಿನಲ್ಲಿ ದಪ್ಪ, ತರಿತರಿ ಮಿಶ್ರಣದಲ್ಲಿ ತೆಳು. ಕುಂಡ ಗಿಡ್ಡವಾದರೂ ಪಟ್ಟಿ ತೆಳುವಾಗುವುದಿಲ್ಲ. ಹಾಗಾಗಿ ಒಂದೇ ಚೀಲದ ಮಣ್ಣು ಎತ್ತರದ ಕುಂಡದಲ್ಲಿ ಚೆನ್ನಾಗಿದ್ದು, ತಟ್ಟೆಯಂಥ ಕುಂಡದಲ್ಲಿ ಬೇರು ಕೊಳೆಸಬಹುದು.

ತಳಕ್ಕೆ ಜಲ್ಲಿ ಹಾಕುವ ಅಭ್ಯಾಸ ಇದೇ ಕಾರಣಕ್ಕೆ ಕೆಲಸ ಮಾಡುವುದಿಲ್ಲ. ನುಣ್ಣಗಿನ ಮಣ್ಣಿನ ನೀರು ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ತೊಯ್ದ ಪಟ್ಟಿ ಜಲ್ಲಿಯ ಮೇಲಕ್ಕೆ ಬಂದು ಕೂರುತ್ತದೆ, ಅಂದರೆ ಬೇರಿಗೆ ಇನ್ನೂ ಹತ್ತಿರ. ನನ್ನ ದಾಸವಾಳದ ಕುಂಡದಲ್ಲಿ ಮೂರು ಇಂಚು ಜಲ್ಲಿ ಇತ್ತು. ಅದು ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು, ಅದರ ಮೇಲೆ ಕೆಸರು. ಮಣ್ಣು ಸೋರದಿರಲಿ ಅಂತ ತೂತಿನ ಮೇಲೆ ಒಂದು ತುಂಡು ಸೊಳ್ಳೆ ಪರದೆ ಇಟ್ಟರೆ ಸಾಕು.

ಮರಳಿನದೂ ಇದೇ ಕಥೆ. ಜೇಡಿ ಮಣ್ಣಿಗೆ ಒಂದೆರಡು ಹಿಡಿ ಸಣ್ಣ ಮರಳು ಸೇರಿಸಿದರೆ ಮರಳಿನ ಕಣಗಳ ನಡುವೆ ಜೇಡಿ ತುಂಬಿಕೊಂಡು ಗಾರೆಯಂತೆ ಬಿಗಿಯುತ್ತದೆ.

*ಗಾಳಿ ಎಷ್ಟಿದೆ ಅಂತ ಅಳೆಯುವುದು*

ಅನುಮಾನ ಬಂದ ಪ್ರತಿ ಚೀಲಕ್ಕೂ ನಾನು ಈ ಪರೀಕ್ಷೆ ಮಾಡುತ್ತೇನೆ. ನಿಮ್ಮ ಕುಂಡದಷ್ಟೇ ಎತ್ತರದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು ಎಷ್ಟು ನೀರು ಹಿಡಿಯುತ್ತದೆ ಅಂತ ಅಳೆದಿಡಿ. ಒಂದು ಲೀಟರ್ ಅಂದುಕೊಳ್ಳೋಣ. ತಳಕ್ಕೆ ನಾಲ್ಕೈದು ತೂತು ಕೊರೆದು, ಹೊರಗಿನಿಂದ ಟೇಪ್ ಅಂಟಿಸಿ. ಸ್ವಲ್ಪ ತೇವ ಮಾಡಿದ ಮಿಶ್ರಣ ತುಂಬಿ, ನೆಲಕ್ಕೆ ಎರಡು ಮೂರು ಸಲ ಕುಟ್ಟಿ, ಇಳಿದಷ್ಟು ಮತ್ತೆ ತುಂಬಿ. ಈಗ ಒಂದು ಬದಿಯಿಂದ ನಿಧಾನಕ್ಕೆ ನೀರು ಹಾಕುತ್ತಾ ಬನ್ನಿ. ಮೇಲ್ಮೈ ಹೊಳೆಯುವಷ್ಟು ತುಂಬಿದ ಮೇಲೆ ರಾತ್ರಿಯಿಡೀ ಬಿಡಿ. ಬೆಳಗ್ಗೆ ನೀರು ಇಳಿದಿದ್ದರೆ ಮತ್ತೆ ಹೊಳೆಯುವಷ್ಟು ಹಾಕಿ. ಆಮೇಲೆ ಬೋಗುಣಿಯ ಮೇಲೆ ಹಿಡಿದು ಟೇಪ್ ಕೀಳಿ. ಒಂದು ಗಂಟೆ ಬಸಿಯಲಿ.

ಬಸಿದ ನೀರು ಎಷ್ಟೋ, ಅಷ್ಟೇ ಜಾಗಕ್ಕೆ ಈಗ ಗಾಳಿ ಬಂದಿದೆ. ಲೀಟರಿಗೆ 100ರಿಂದ 200 ಮಿಲಿಲೀಟರ್ ಬಸಿದರೆ, ಅಂದರೆ ಶೇಕಡಾ 10ರಿಂದ 20, ಹೆಚ್ಚಿನ ಗಿಡಗಳಿಗೆ ಸರಿ. 100ಕ್ಕಿಂತ ಕಡಿಮೆ ಬಂದರೆ ಬಿಗಿ ಜಾಸ್ತಿ. 300 ದಾಟಿದರೆ ಆರ್ಕಿಡ್, ಕಳ್ಳಿಗಳಿಗೆ ಹಬ್ಬ. ಉಳಿದವಕ್ಕೆ ದಿನಾ ನೀರು ಹಾಕಬೇಕಾಗುತ್ತದೆ.

ಬಿಗಿಯಾಗಿದ್ದರೆ ದಪ್ಪ ಕಣ ಸೇರಿಸಬೇಕು. 3ರಿಂದ 6 ಮಿಲಿಮೀಟರಿನ ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಬಿಳಿ ಕಲ್ಲಿನ ಹರಳು), ಪ್ಯೂಮಿಸ್ (ತೂತುತೂತಾದ ಜ್ವಾಲಾಮುಖಿ ಕಲ್ಲು), ಮರದ ತೊಗಟೆಯ ಚೂರು, ಇದ್ದಿಲ ಚೂರು, ಇವುಗಳಲ್ಲಿ ಯಾವುದು ಸಿಕ್ಕರೂ ನಡೆಯುತ್ತದೆ. ಆದರೆ ಶಾಸ್ತ್ರಕ್ಕೆ ಒಂದು ಹಿಡಿ ಉದುರಿಸಿದರೆ ಉಪಯೋಗವಿಲ್ಲ. ಕಡಿಮೆ ಹಾಕಿದರೆ ದಪ್ಪ ಕಣಗಳು ನುಣ್ಣಗಿನ ಮಣ್ಣಿನೊಳಗೆ ಒಣದ್ರಾಕ್ಷಿಯ ಹಾಗೆ ಹುದುಗಿರುತ್ತವೆ, ಸಂದು ಹುಟ್ಟುವುದಿಲ್ಲ. ಒಟ್ಟು ಮಿಶ್ರಣದಲ್ಲಿ ನಾಲ್ಕಕ್ಕೊಂದು ಪಾಲಾದರೂ ಬೇಕು. ನಾನು ಮೂರಕ್ಕೊಂದು ಪಾಲು ಹಾಕುತ್ತೇನೆ. ಹಾಕಿದ ಮೇಲೆ ಇದೇ ಡಬ್ಬಿ ಪರೀಕ್ಷೆ ಇನ್ನೊಮ್ಮೆ ಮಾಡಿ.

ಪರ್ಲೈಟ್ ಚೀಲ ಬಿಚ್ಚುವಾಗ ಮೊದಲು ಒಳಗೇ ನೀರು ಚಿಮುಕಿಸಿ. ಅದರ ಬಿಳಿ ದೂಳು ಕಣ್ಣು, ಗಂಟಲು ಎರಡನ್ನೂ ಕೆರೆಸುತ್ತದೆ.

ನೀರು ಹಾಕಿದ ತಕ್ಷಣ ತಳದಿಂದ ಬಂದುಬಿಡುತ್ತದೆ, ಗಿಡ ಮಾತ್ರ ಬಾಡಿದೆ

ಕುಂಡದ ಗೋಡೆಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿದ್ದಿದೆಯಾ? ಪೀಟ್ (ಜೌಗು ನೆಲದಲ್ಲಿ ಅರೆ ಕೊಳೆತ ಪಾಚಿ) ಅಥವಾ ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) ಇರುವ ಮಿಶ್ರಣ ಪೂರ್ತಿ ಒಣಗಿದರೆ ಕುಗ್ಗಿ ಹೀಗಾಗುತ್ತದೆ. ಪೀಟ್ ಅಂತೂ ಒಣಗಿದ ಮೇಲೆ ನೀರನ್ನೇ ತಳ್ಳುತ್ತದೆ. ಕೆಸುವಿನೆಲೆ ಮೇಲಿನ ಹನಿ ಹಾಗೆ ನೀರು ಉರುಳಿ ಬದಿಯ ಸಂದಿನಿಂದ ಹೊರಗೆ. ತಳದಿಂದ ನೀರು ಬಂತಲ್ಲ, ಸಾಕಾಯಿತು ಅಂತ ನಾವು ಸುಮ್ನೆ ಹೋಗಿಬಿಡುತ್ತೇವೆ.

ಪರಿಹಾರ ಸುಲಭ. ಬಕೆಟ್‌ನಲ್ಲಿ ಕುಂಡದ ಮುಕ್ಕಾಲು ಎತ್ತರಕ್ಕೆ ನೀರು ಹಾಕಿ ಕುಂಡವನ್ನು ಅದರಲ್ಲಿಡಿ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯಲ್ಲಿ ಮೇಲ್ಮೈ ತೇವವಾಗುತ್ತದೆ. ತೆಗೆದು ಪೂರ್ತಿ ಬಸಿಯಲು ಬಿಡಿ, ಸಂದಿಗೆ ಹೊಸ ಮಿಶ್ರಣ ತುಂಬಿ. ಆಗಲೂ ಒಪ್ಪದಿದ್ದರೆ ಲೀಟರ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಒಮ್ಮೆ ಹಾಕಿ. ಒಮ್ಮೆ ಮಾತ್ರ.

ಕುಗ್ಗಿಯೂ ಇಲ್ಲ, ಆದರೂ ನೀರು ನಿಲ್ಲದು ಅಂದರೆ ಗಿಡ ಕುಂಡದಿಂದ ಎಳೆದು ನೋಡಿ. ಮಣ್ಣೇ ಕಾಣದಂತೆ ಬೇರು ಸುತ್ತಿಕೊಂಡಿದ್ದರೆ ಇದು ಮಣ್ಣಿನ ದೋಷವೇ ಅಲ್ಲ, ದೊಡ್ಡ ಕುಂಡ ಬೇಕು ಅಷ್ಟೇ.

ಹೊಸ ಚೀಲ ಬಿಚ್ಚಿದಾಗಲೇ ಮಿಶ್ರಣ ಬೂದಿಯಂತೆ ಒಣಗಿದ್ದರೆ ಕುಂಡಕ್ಕೆ ತುಂಬುವ ಮೊದಲೇ ಟಬ್ಬಿನಲ್ಲಿ ಹಾಕಿ, ಬೆಚ್ಚಗಿನ ನೀರು ಚಿಮುಕಿಸುತ್ತಾ ಕೈಯಲ್ಲಿ ಕಲಸಿ. ಹಿಡಿದು ಒತ್ತಿದರೆ ಉಂಡೆಯಾಗಬೇಕು, ಒಂದೆರಡು ಹನಿ ಬರಬೇಕು, ಬೆರಳು ತಾಗಿಸಿದರೆ ಪುಡಿಯಾಗಬೇಕು.

ಮಣ್ಣು ಒದ್ದೆ ಇದೆ, ಆದರೂ ಎಲೆ ಜೋತುಬಿದ್ದಿದೆ

ಇದು ಎಲ್ಲಕ್ಕಿಂತ ಮೋಸದ ಲಕ್ಷಣ. ಬಾಡಿದೆ ಅಂತ ನೋಡಿ ನಾವು ಇನ್ನಷ್ಟು ನೀರು ಹಾಕುತ್ತೇವೆ. ಬೇರು ಕೊಳೆತು ನೀರು ಎಳೆಯಲಾಗದೆ ಗಿಡ ಬಾಡಿರುತ್ತದೆ.

ನೀರು ನಿಲ್ಲಿಸಿ. ಗಿಡದ ಬುಡ ಹಿಡಿದು ಕುಂಡ ವಾಲಿಸಿ ಮಣ್ಣಿನ ಗೆಡ್ಡೆಯನ್ನು ಹೊರಗೆ ಎಳೆಯಿರಿ. ಒಳ್ಳೆಯ ಬೇರು ಬಿಳಿ ಅಥವಾ ತಿಳಿಕಂದು, ಎಳೆದರೆ ಗಟ್ಟಿ. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂದು, ಒಳಗಿನ ನೂಲು ಮಾತ್ರ ಉಳಿಯುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಅರ್ಧಕ್ಕಿಂತ ಹೆಚ್ಚು ಬೇರು ಚೆನ್ನಾಗಿದ್ದರೆ ಕೊಳೆತದ್ದನ್ನು ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕತ್ತರಿಸಿ. ತರಿತರಿಯಾದ ಹೊಸ ಮಿಶ್ರಣದಲ್ಲಿ, ಬೇರಿಗೆ ತಕ್ಕಷ್ಟೇ ಚಿಕ್ಕ ಕುಂಡದಲ್ಲಿ ನೆಡಿ. ನೆರಳಲ್ಲಿಡಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರದ ಮಾತೇ ಬೇಡ. ಹಳೆಯ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ. ಬುಡವೇ ಕಪ್ಪಾಗಿ ಮೆತ್ತಗಾಗಿದ್ದರೆ ಬೇರಿನ ಆಸೆ ಬಿಟ್ಟು, ಮೇಲಿನ ಹಸಿರು ಟೊಂಗೆ ಕತ್ತರಿಸಿ ಬೇರು ಬರಿಸಲು ನೋಡುವುದೇ ಸರಿ.

ಎಲೆ ಹಳದಿ

ಯಾವ ಎಲೆ? ಉತ್ತರ ಇರುವುದೇ ಅಲ್ಲಿ.

ಕೆಳಗಿನ ಹಳೆಯ ಎಲೆಗಳು ಒಂದೇ ಸಮ ಹಳದಿಯಾಗಿ, ಗಿಡ ಬೆಳೆಯದೆ ನಿಂತಿದ್ದರೆ ಸಾರಜನಕ ಸಾಲದು. ಗಿಡ ಅದನ್ನು ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಸಾಗಿಸುತ್ತದೆ. ಹೊಸ ಚೀಲ ತಂದು ನೆಟ್ಟ ಒಂದೆರಡು ತಿಂಗಳಲ್ಲೇ ಹೀಗಾದರೆ ಮಿಶ್ರಣವನ್ನು ಬೆಳಕಿಗೆ ಹಿಡಿದು ನೋಡಿ. ಮರದ ಸಿಬಿರು, ಗರಗಸದ ಹುಡಿ, ಕೊಳೆಯದ ತೊಗಟೆ ಕಾಣುತ್ತಿದೆಯಾ? ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು, ಗಿಡಕ್ಕಿಂತ ಮೊದಲು ಅವೇ ಬಾಚಿಕೊಳ್ಳುತ್ತವೆ. ನೀರಿನಲ್ಲಿ ಕರಗುವ 19-19-19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಪಾಲಿರುವ) ಗೊಬ್ಬರವನ್ನು ಲೀಟರಿಗೆ 1 ಗ್ರಾಂನಂತೆ, ಮಣ್ಣು ತೇವ ಇರುವಾಗ, ವಾರಕ್ಕೊಮ್ಮೆ ಕೊಡಿ. ಮೂರ್ನಾಲ್ಕು ವಾರದಲ್ಲಿ ಹೊಸ ಎಲೆ ಹಸಿರಾಗಿ ಬರಬೇಕು. ಹಳದಿಯಾದ ಹಳೆ ಎಲೆ ಮತ್ತೆ ಹಸಿರಾಗಲಿ ಅಂತ ಕಾಯಬೇಡಿ.

ಚೀಲದ ಮೇಲೆ ‘ಗೊಬ್ಬರ ಸೇರಿಸಲಾಗಿದೆ’ ಅಂತ ಇದ್ದರೂ ಅದು ಸಾಮಾನ್ಯವಾಗಿ ಕೆಲವು ವಾರದ ಮಾತು. ನಿಧಾನಕ್ಕೆ ಬಿಡುಗಡೆಯಾಗುವ ಬಣ್ಣದ ಗುಂಡು ಗೊಬ್ಬರ ಸೇರಿಸಿದ್ದರೆ ಕೆಲವು ತಿಂಗಳು ಬರುತ್ತದೆ, ಬಿಸಿಲು ಜಾಸ್ತಿಯಾದಷ್ಟೂ ಬೇಗ ಮುಗಿಯುತ್ತದೆ. (ಆ ಗುಂಡುಗಳನ್ನು ಹುಳದ ಮೊಟ್ಟೆ ಅಂತ ಒಂದೊಂದಾಗಿ ಆರಿಸಿ ಎಸೆದವರನ್ನು ನೋಡಿದ್ದೇನೆ. ಬಹಳ ಶ್ರದ್ಧೆಯ ಕೆಲಸ.)

ಚಿಗುರೆಲೆಯೇ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಹೆಚ್ಚಿನ ಸಲ ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಪಿಎಚ್ (ಹುಳಿ-ಕ್ಷಾರದ ಅಳತೆ, ಹುಳಿ ಕಡಿಮೆಯಾದಷ್ಟೂ ಏರುತ್ತದೆ) ಏರಿದ್ದರಿಂದ ಗಿಡಕ್ಕೆ ಸಿಗುತ್ತಿರುವುದಿಲ್ಲ. ಗಡಸು ನೀರು ಹಾಕುತ್ತಾ ಬಂದರೆ ಪಿಎಚ್ ತಿಂಗಳು ತಿಂಗಳಿಗೂ ಏರುತ್ತದೆ. ಒಂದು ಪಾಲು ಮಿಶ್ರಣಕ್ಕೆ ಎರಡು ಪಾಲು ಬಟ್ಟಿ ಇಳಿಸಿದ ನೀರು ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು, ತಿಳಿನೀರಿಗೆ ಪಿಎಚ್ ಪಟ್ಟಿ ಅದ್ದಿ. ಮಣ್ಣೇ ಇಲ್ಲದ ಮಿಶ್ರಣಕ್ಕೆ 5.5ರಿಂದ 6.5 ಒಳ್ಳೆಯದು. 7 ದಾಟಿದ್ದರೆ ಮಳೆನೀರಿಗೆ ಬದಲಾಯಿಸಿ, ತುರ್ತಿಗೆ ಇಡಿಡಿಎಚ್ಎ ರೂಪದ (ಕಬ್ಬಿಣವನ್ನು ಗಿಡಕ್ಕೆ ಸಿಗುವಂತೆ ಹಿಡಿದಿಡುವ ರಾಸಾಯನಿಕ ಸೇರಿಸಿದ) ಕಬ್ಬಿಣ ಕೊಡಿ. ಇಡಿಟಿಎ ರೂಪದ್ದು ಪಿಎಚ್ ಜಾಸ್ತಿ ಇರುವಲ್ಲಿ ನಿಲ್ಲುವುದಿಲ್ಲ. ಗಂಧಕವೂ ಪಿಎಚ್ ಇಳಿಸುತ್ತದೆ, ಆದರೆ ವಾರಗಳು, ತಿಂಗಳುಗಳು ಬೇಕು. ಅವಸರಪಟ್ಟು ಮತ್ತೆ ಮತ್ತೆ ಸುರಿದರೆ ಬೇರು ಸುಡುತ್ತದೆ.

ಪಿಎಚ್ 5ಕ್ಕಿಂತ ಕೆಳಗಿದ್ದರೆ ಡಾಲಮೈಟ್ (ಒಂದು ಬಗೆಯ ಸುಣ್ಣಕಲ್ಲು) ಪುಡಿ ಅಥವಾ ಕೃಷಿ ಸುಣ್ಣದ ಪುಡಿ. ಗೋಡೆಗೆ ಬಳಿಯುವ ಸುಣ್ಣ, ಸುಟ್ಟ ಸುಣ್ಣ ಖಂಡಿತ ಬೇಡ. ಅವು ಬೇರನ್ನೂ ಸುಡುತ್ತವೆ, ಕೈಯನ್ನೂ ಸುಡುತ್ತವೆ.

ಎಲೆಯ ತುದಿ ಸುಟ್ಟ ಹಾಗಿದೆ, ಮಣ್ಣಿನ ಮೇಲೆ ಬಿಳಿ ಪದರ

ಬಿಳಿಯನ್ನು ಉಗುರಿನಿಂದ ಕೆರೆಯಿರಿ. ಹತ್ತಿಯಂತೆ ಮೆತ್ತಗಿದ್ದರೆ ಬೂಷ್ಟು, ಅದರ ಮಾತು ಮುಂದೆ ಬರುತ್ತದೆ. ಕರಕರ ಅಂದರೆ ಉಪ್ಪು. ಒಂದು ಹನಿ ವಿನೆಗರ್ ಬಿಟ್ಟಾಗ ನೊರೆ ಬಂದರೆ ಅದು ಗಡಸು ನೀರಿನ ಸುಣ್ಣದಂಶ. ಬರದಿದ್ದರೆ ಗೊಬ್ಬರದ ಉಪ್ಪು ಇರಬಹುದು.

ಉಪ್ಪು ಮೂರು ದಾರಿಯಲ್ಲಿ ಬರುತ್ತದೆ: ನೀರಿನಿಂದ, ನಾವು ಹಾಕಿದ ಗೊಬ್ಬರದಿಂದ, ಚೀಲದಿಂದಲೇ. ಮೂರನೆಯದನ್ನು ಜನ ಅನುಮಾನಿಸುವುದೇ ಇಲ್ಲ. ತೆಂಗಿನ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ ನಾರು ತೆಗೆದಿದ್ದರೆ ಆ ಉಪ್ಪು ಕೋಕೋಪೀಟಿನಲ್ಲಿ ಉಳಿದಿರುತ್ತದೆ. ಸಿಪ್ಪೆಯಲ್ಲಿ ಸಹಜವಾಗಿಯೇ ಇರುವ ಪೊಟ್ಯಾಸಿಯಂ ಬೇರೆ. ಹಾಗಾಗಿ ಕೋಕೋಪೀಟ್ ಇಟ್ಟಿಗೆ ನೆನೆಸಿದ ನೀರನ್ನು ಚೆಲ್ಲಿಬಿಡಿ. ಕಂದು ನೀರು ತಿಳಿಯಾಗುವವರೆಗೆ ಮೂರು ಸಲವಾದರೂ ತೊಳೆದು ಹಿಂಡಿ. ಆ ಕಂದು ನೀರು ಸತ್ವ ಅಂತ ಗಿಡಕ್ಕೇ ಹಾಕುವವರಿದ್ದಾರೆ. ದಯವಿಟ್ಟು ಬೇಡ.

ಆಗಲೇ ನೆಟ್ಟ ಗಿಡವಾದರೆ ಮೇಲಿನ ಪದರ ಕೆರೆದು ತೆಗೆದು, ಕುಂಡದ ಎರಡು ಪಟ್ಟು ನೀರನ್ನು ನಿಧಾನಕ್ಕೆ, ಎರಡು ಮೂರು ಕಂತಿನಲ್ಲಿ ಸುರಿದು ಹೊರಗೆ ಹರಿಯಲು ಬಿಡಿ. ಐದು ಲೀಟರ್ ಕುಂಡಕ್ಕೆ ಹತ್ತು ಲೀಟರ್. ತಟ್ಟೆ ತೆಗೆದಿಡಿ, ಇಲ್ಲದಿದ್ದರೆ ಬಂದ ಉಪ್ಪು ವಾಪಸ್ ಮೇಲೇರುತ್ತದೆ. ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಮೊದಲ ನೀರು, ಕೊನೆಯ ನೀರು ಎರಡನ್ನೂ ಅಳೆದು ನೋಡಿ. ಹಾಕುವ ನೀರಿನ ಹತ್ತಿರಕ್ಕೆ ಬಂದರೆ ನಿಲ್ಲಿಸಬಹುದು. ಆದರೆ ನೀರು ಬಸಿಯದ ಕುಂಡಕ್ಕೆ ಈ ಚಿಕಿತ್ಸೆ ಮಾಡಬೇಡಿ. ಮೊದಲು ಮಣ್ಣು ಸಡಿಲವಾಗಲಿ.

ಚೀಲ ಬಿಚ್ಚಿದರೆ ಮೂಗು ಮುಚ್ಚಿಕೊಳ್ಳಬೇಕು

ಒಳ್ಳೆಯ ಮಿಶ್ರಣಕ್ಕೆ ಮೊದಲ ಮಳೆ ಬಿದ್ದ ನೆಲದ ವಾಸನೆ ಇರುತ್ತದೆ. ಕೊಳೆತ ಮೊಟ್ಟೆ ಅಥವಾ ಹುಳಿ ವಾಸನೆ ಬಂದರೆ ಒದ್ದೆ ಮಿಶ್ರಣ ಗಾಳಿಯಿಲ್ಲದೆ ಚೀಲದಲ್ಲಿ ಕುಳಿತಿತ್ತು ಅಂತ ಅರ್ಥ. ಕಣ್ಣು ಉರಿಸುವ ಅಮೋನಿಯಾ ವಾಸನೆ ಬಂದರೆ, ಚೀಲ ಬೆಚ್ಚಗಿದ್ದರೆ, ಗೊಬ್ಬರ ಇನ್ನೂ ಪೂರ್ತಿ ಕಳಿತಿಲ್ಲ.

ಎರಡಕ್ಕೂ ಮೊದಲ ಮದ್ದು ಒಂದೇ. ನೆರಳಿನಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಎರಡು ಇಂಚು ದಪ್ಪ ಹರಡಿ, ದಿನಕ್ಕೊಮ್ಮೆ ಕೈಯಾಡಿಸಿ. ಹುಳಿ ವಾಸನೆ ಕೆಲವೇ ದಿನದಲ್ಲಿ ಹೋಗುತ್ತದೆ. ಅಮೋನಿಯಾದ್ದು ಹಟಮಾರಿ, ವಾರಗಳೂ ಬೇಕಾಗಬಹುದು. ಹೋಯಿತು ಅನ್ನಿಸಿದ ಮೇಲೆ ಒಂದು ಮುಷ್ಟಿ ತೇವದ ಮಿಶ್ರಣವನ್ನು ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಕವರಿನಲ್ಲಿ ಮೂರು ದಿನ ಇಟ್ಟು ಮೂಸಿ. ಮತ್ತೆ ನಾತ ಬಂದರೆ ಇನ್ನೂ ಕಾಯಿರಿ.

ಆಮೇಲೂ ಸಂಶಯ ಇದ್ದರೆ ಹತ್ತು ಮೂಲಂಗಿ ಬೀಜ ಇದರಲ್ಲಿ, ಹತ್ತು ಬೀಜ ನಿಮಗೆ ನಂಬಿಕೆಯಿರುವ ಬೇರೆ ಮಣ್ಣಿನಲ್ಲಿ ಹಾಕಿ. ಒಂದು ವಾರ ಸಾಕು. ಅಲ್ಲಿ ಒಂಬತ್ತು ಮೊಳೆತು ಇಲ್ಲಿ ನಾಲ್ಕು ಮೊಳೆತರೆ, ಅಥವಾ ಇಲ್ಲಿನ ಬೇರಿನ ತುದಿ ಕಂದಾಗಿದ್ದರೆ ಆ ಚೀಲಕ್ಕೆ ಗಿಡ ಕೊಡಬೇಡಿ.

ಬೂಷ್ಟು, ಅಣಬೆ, ನುಸಿ

ಮಣ್ಣಿನ ಮೇಲಿನ ಬಿಳಿ ಬೂಷ್ಟು ಸತ್ತ ಎಲೆ, ತೊಗಟೆ ತಿಂದು ಬದುಕುವಂಥದ್ದು. ಗಿಡಕ್ಕೆ ತೊಂದರೆ ಕೊಡುವುದು ಅಪರೂಪ. ಕೆದಕಿ, ಗಾಳಿ ಆಡಲಿ, ನೀರು ಕಡಿಮೆ ಮಾಡಿ. ಹಳದಿ ಕೊಡೆಯಂಥ ಸಣ್ಣ ಅಣಬೆಯೂ ಗಿಡಕ್ಕೆ ನಿರುಪದ್ರವಿ, ಆದರೆ ತಿಂದರೆ ವಿಷ. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಕಂಡ ಕೂಡಲೇ ಕಿತ್ತುಹಾಕಿ.

ಕುಂಡ ಅಲುಗಿಸಿದರೆ ಏಳುವ ಸಣ್ಣ ಕಪ್ಪು ನುಸಿಗಳ ಮರಿಹುಳ ಮೇಲಿನ ಎರಡು ಮೂರು ಇಂಚಿನಲ್ಲಿ ಇರುತ್ತದೆ. ಒಂದು ಬಿಲ್ಲೆ ಹಸಿ ಆಲೂಗಡ್ಡೆಯನ್ನು ಮಣ್ಣಿಗೆ ಒತ್ತಿಟ್ಟು ಎರಡು ದಿನ ಬಿಟ್ಟು ತಿರುವಿ ನೋಡಿ. ಕಪ್ಪು ತಲೆಯ, ಗಾಜಿನಂಥ ಮೈಯ ಹುಳ ಇದ್ದರೆ ಅವೇ. ಮೇಲಿನ ಎರಡು ಇಂಚು ಒಣಗಿದ ಮೇಲಷ್ಟೇ ನೀರು ಹಾಕಿ, ಹಳದಿ ಅಂಟುಹಾಳೆ ನೆಡಿ. ಕಡಿಮೆಯಾಗದಿದ್ದರೆ ಮರಿಹುಳ ಕೊಲ್ಲುವ ಬಿಟಿಐ ಎಂಬ ಬ್ಯಾಕ್ಟೀರಿಯಾ ಬೆರೆಸಿದ ನೀರು ಹಾಕಿ. ಮೊಟ್ಟೆಯಿಂದ ನುಸಿಯವರೆಗೆ ಮೂರ್ನಾಲ್ಕು ವಾರ ಹಿಡಿಯುವುದರಿಂದ ಒಂದು ತಿಂಗಳಾದರೂ ಬಿಡದೆ ಮಾಡಬೇಕು. ವಾರಕ್ಕೇ ನಿಲ್ಲಿಸಿದರೆ ಮತ್ತೆ ಶುರು.

ಹೊಸ ಎಲೆ ಸುರುಟಿಕೊಂಡು ಬಟ್ಟಲಿನಂತಾಗಿದೆ

ಮೊದಲು ಎಲೆಯ ಕೆಳಗೆ ನೋಡಿ. ಗಿಡಹೇನು, ಜೇಡನುಸಿ, ಥ್ರಿಪ್ಸ್‌ನಂಥ ರಸ ಹೀರುವ ಸಣ್ಣ ಕೀಟ ಇದ್ದರೆ ಮಣ್ಣಿನದು ತಪ್ಪಿಲ್ಲ. ಏನೂ ಇಲ್ಲದೆ ಟೊಮೆಟೊ, ಹುರುಳಿಕಾಯಿ, ಬಟಾಣಿಯಂಥ ಗಿಡಗಳು ಮಾತ್ರ ಹೀಗೆ ತಿರುಚಿಕೊಂಡಿದ್ದರೆ, ಹುಲ್ಲಿನ ಜಾತಿಯವು ಚೆನ್ನಾಗಿದ್ದರೆ, ಕಳೆನಾಶಕದ ಅನುಮಾನ ಪಡಬೇಕು. ಅಮಿನೋಪೈರಾಲಿಡ್, ಕ್ಲೋಪೈರಾಲಿಡ್ ಎಂಬ ಕಳೆನಾಶಕ ಸಿಂಪಡಿಸಿದ ಹುಲ್ಲು ತಿಂದ ದನದ ಸಗಣಿಯಲ್ಲೂ ಅವು ಉಳಿಯುತ್ತವೆ, ಗೊಬ್ಬರವಾದ ಮೇಲೂ ಪೂರ್ತಿ ಹೋಗುವುದಿಲ್ಲ.

ಖಚಿತಪಡಿಸಿಕೊಳ್ಳಲು ಮೂರು ಹುರುಳಿಕಾಯಿ ಬೀಜವನ್ನು ಆ ಮಿಶ್ರಣದಲ್ಲಿ, ಮೂರನ್ನು ಬೇರೆಯದರಲ್ಲಿ ಬಿತ್ತಿ ಮೂರು ವಾರ ಕಾಯಿರಿ. ಇಲ್ಲಿನವು ಮಾತ್ರ ತಿರುಚಿದರೆ ನಿಮ್ಮ ಕೆಲಸ ಮುಗಿಯಿತು. ಇದಕ್ಕೆ ಮನೆಮದ್ದಿಲ್ಲ. ಪರ್ಲೈಟ್ ಸೇರಿಸಿ ತೆಳುಮಾಡುವ ಸಾಹಸವೂ ಬೇಡ, ಇವು ಅತಿ ಸ್ವಲ್ಪದಲ್ಲೇ ಕಾಡುತ್ತವೆ. ಚೀಲ, ರಸೀದಿ, ಫೋಟೊ ಇಟ್ಟುಕೊಂಡು ಮಾರಿದವರಿಗೆ ತಿಳಿಸಿ.

ಮತ್ತೆ ಚೀಲ ತರುವುದಾದರೆ

ಎತ್ತಿ ನೋಡಿ ತನ್ನಿ. 40 ಲೀಟರ್ ಅಂತ ಬರೆದ ಚೀಲ 15 ಕಿಲೋ ಆಸುಪಾಸು ಇದ್ದರೆ ಹಗುರ ಮಿಶ್ರಣ. 40 ಕಿಲೋ ಇದ್ದರೆ ಒಳಗಿರುವುದು ಮಣ್ಣು. ಕಿಲೋ ಲೆಕ್ಕದಲ್ಲಿ ಮಾರಿದರೆ ನೀರಿಗೂ ಕಾಸು ಕೊಟ್ಟ ಹಾಗೆ, ಲೀಟರ್ ಲೆಕ್ಕ ಕೇಳಿ. ‘ತೋಟದ ಮಣ್ಣು’ ಅಂತ ಬರೆದದ್ದು ನೆಲಕ್ಕೆ, ‘ಪಾಟಿಂಗ್ ಮಿಕ್ಸ್’ ಅಂತ ಇರುವುದು ಕುಂಡಕ್ಕೆ. ಬರೀ ‘ಕಾಂಪೋಸ್ಟ್’ ಅಂತ ಇದ್ದರೆ ಒಳಗೇನಿದೆ ಅಂತ ಓದಿ. ಗೊಬ್ಬರವೇ ಆಗಿದ್ದರೆ ಅದು ಬೆರೆಸಲಿಕ್ಕೆ ಮಾತ್ರ, ಎರೆಗೊಬ್ಬರವೂ ಅಷ್ಟೇ. ಮಿಶ್ರಣದ ಐದಕ್ಕೊಂದು ಪಾಲು ಸಾಕು. ಗುಂಡು ಗೊಬ್ಬರ ಸೇರಿಸಿದ ಚೀಲವನ್ನು ತಿಂಗಳುಗಟ್ಟಲೆ ಕೂಡಿಡಬೇಡಿ, ಗೊಬ್ಬರ ಒಳಗೇ ಬಿಡುಗಡೆಯಾಗಿ ಉಪ್ಪು ಸೇರುತ್ತದೆ.

ವರ್ಷದಲ್ಲಿ ಕುಂಡದ ಮಣ್ಣು ಎರಡು ಇಂಚು ಕುಸಿದರೆ ಗಾಬರಿ ಬೇಡ. ಒಳಗಿನ ನಾರು, ತೊಗಟೆ ಕೊಳೆತಿವೆ. ಆದರೆ ಕೊಳೆತಷ್ಟೂ ಕಣ ಸಣ್ಣದಾಗುತ್ತದೆ. ಆದ್ದರಿಂದ ಮೇಲೆ ಮೇಲೆ ತುಂಬುತ್ತಾ ಹೋಗದೆ ಒಂದೆರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.

ಮೈಮೇಲೆ ಎಚ್ಚರ, ಎಲ್ಲಿ ನಿಲ್ಲಿಸಬೇಕು

ಚೀಲದ ಮಿಶ್ರಣದಲ್ಲಿ ಲೀಜಿಯೊನೆಲ್ಲಾ ಲಾಂಗ್‌ಬೀಚೇ ಎಂಬ ಬ್ಯಾಕ್ಟೀರಿಯಾ ಇರಬಹುದು. ದೂಳಿನ ಜೊತೆ ಒಳಗೆ ಹೋದರೆ ನ್ಯುಮೋನಿಯಾ ಬರಿಸಬಲ್ಲದು. ಆಸ್ಟ್ರೇಲಿಯಾದಲ್ಲಿ ಚೀಲದ ಮೇಲೆಯೇ ಈ ಎಚ್ಚರಿಕೆ ಅಚ್ಚಾಗಿರುತ್ತದೆ. ಇದು ಅಪರೂಪ. ಆದರೆ ವಯಸ್ಸಾದವರು, ಸಿಗರೇಟು ಸೇದುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹಗುರವಾಗಿ ತೆಗೆದುಕೊಳ್ಳಬಾರದು. ಚೀಲವನ್ನು ಹೊರಗೆ, ಮುಖದಿಂದ ದೂರ ಹಿಡಿದು ಕತ್ತರಿಸಿ. ಮಾಸ್ಕ್, ಕೈಗವಸು ಹಾಕಿ. ಒಣ ಮಿಶ್ರಣಕ್ಕೆ ಮೊದಲು ನೀರು ಚಿಮುಕಿಸಿ. ಕೈ ತೊಳೆಯದೆ ಏನೂ ತಿನ್ನಬೇಡಿ. ಮಣ್ಣಿನ ಕೆಲಸ ಮಾಡಿದ ಮುಂದಿನ ಒಂದೆರಡು ವಾರದಲ್ಲಿ ಜ್ವರ, ಕೆಮ್ಮು, ಏದುಸಿರು ಬಂದರೆ ಡಾಕ್ಟರ ಹತ್ತಿರ ಹೋಗಿ, ಮಣ್ಣು ಮುಟ್ಟಿದ್ದನ್ನೂ ಬಾಯಿಬಿಟ್ಟು ಹೇಳಿ. ಕೈಗೆ ಆಳವಾದ ಗಾಯವಾದರೆ ಧನುರ್ವಾಯು ಲಸಿಕೆಯ ವಿಷಯ ಕೇಳಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಮೂರು ವಾರ ನೋಡಿ. ಎರಡು ಪ್ರಯತ್ನವಾದ ಮೇಲೂ ಗಿಡ ಇಳಿಮುಖವಾಗಿಯೇ ಇದ್ದರೆ, ಅಥವಾ ಒಂದೇ ಚೀಲ ಬಳಸಿದ ಬೇರೆ ಬೇರೆ ಜಾತಿಯ ಗಿಡಗಳು ಒಟ್ಟಿಗೆ ಸೊರಗಿದರೆ, ಮನೆ ಪರೀಕ್ಷೆ ಸಾಕು ಮಾಡಿ ಮಣ್ಣು ಪರೀಕ್ಷೆಗೆ ಕೊಡಿ. ಎರಡು ಮಾದರಿ ಬೇಕು: ಚೀಲದಲ್ಲಿ ಉಳಿದದ್ದು ಒಂದು, ಕುಂಡದ ನಡುಭಾಗದ್ದು ಇನ್ನೊಂದು. ಪಿಎಚ್, ಇಸಿ (ಉಪ್ಪಿನಂಶದ ಅಳತೆ) ಎರಡನ್ನೂ ಕೇಳಿ, ಇದು ಹೊಲದ ಮಣ್ಣಲ್ಲ, ಕುಂಡದ ಮಿಶ್ರಣ ಅಂತ ಚೀಟಿಯಲ್ಲಿ ಬರೆಯಿರಿ. ನೀವು ಹಾಕುವ ನೀರನ್ನೂ ಒಂದು ಬಾಟಲಿ ಜೊತೆಗೆ ಕೊಟ್ಟುಬಿಡಿ.